ಹದಿನಾರು ಕಂಬದ ಮನೆ

"ಗುರುಗಳೇ, ನನ್ನ ಪ್ರವಚನಕ್ಕೆ ಜನ ಬರುತ್ತಾರೆ, ಕೈಮುಗಿಯುತ್ತಾರೆ, ಎದ್ದು ಹೋಗುತ್ತಾರೆ. ಒಬ್ಬರೂ ಒಂದು ಪ್ರಶ್ನೆ ಕೇಳುವುದಿಲ್ಲ. ನಾನು ಹೇಳುವ ವಿಷಯ ಅವರಿಗೆ ತೀರ ಎತ್ತರವಾಯಿತೇ? ಅದನ್ನು ತಗ್ಗಿಸಲೇ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ನಗು ಬಂತು. "ನಿನ್ನ ಎತ್ತರದ ಮಾತು ಆಮೇಲೆ ನೋಡೋಣ. ಮೊದಲು ಈ ಕತೆ ಕೇಳು" ಎಂದರು.

ಒಬ್ಬ ರಾಜ ನಾಡಿನ ಹಳೆಯ ವಸ್ತುಗಳನ್ನೆಲ್ಲ ಕೂಡಿಸಿ, ಜನರು ನೋಡಲೆಂದು ಒಂದು ಸಂಗ್ರಹಾಲಯ ಕಟ್ಟಿಸಿದ. ಕಟ್ಟಿದ ಶಿಲ್ಪಿ ಸಾಮಾನ್ಯನಲ್ಲ. ಇಪ್ಪತ್ತೊಂದು ಅಗಲವಾದ ಮೆಟ್ಟಿಲು, ಮೇಲೆ ಹದಿನಾರು ಕಂಬ, ಕಂಬಗಳ ನೆತ್ತಿಗೆ ಹಣೆಯಂತೆ ಮೂರು ಮೂಲೆಯ ಕಲ್ಲಿನ ಗೋಡೆ, ಒಳಗೆ ದೊಡ್ಡ ಗುಮ್ಮಟ. ದೂರದಿಂದ ನೆಟ್ಟಗೆ ಕಾಣಲೆಂದು ಪ್ರತಿ ಕಂಬದ ನಡುವನ್ನು ಕೂದಲೆಳೆಯಷ್ಟು ಉಬ್ಬಿಸಿದ್ದ. ಹನ್ನೆರಡು ವರ್ಷ ಅವನಿಗೆ ಬೇರೆ ಕೆಲಸವಿರಲಿಲ್ಲ.

ಬಾಗಿಲು ತೆರೆಯಿತು. ಜನ ಬಂದರು. ಗುಡಿಯೆನ್ನೋಣವೆಂದರೆ ಪೂಜಾರಿಯಿಲ್ಲ, ಅರಮನೆಯೆನ್ನೋಣವೆಂದರೆ ಕಾವಲಿನವನಿಲ್ಲ. ಯಾವುದಕ್ಕೂ ಇರಲಿ ಎಂದು ಕೆಳಗೇ ಚಪ್ಪಲಿ ಬಿಟ್ಟು, ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಕತ್ತೆತ್ತಿ ಕಂಬ ನೋಡಿ ಹೊರಟುಹೋದರು. ಶಿಲ್ಪಿ ಮೊದಮೊದಲು ಉಬ್ಬಿಹೋದ.

ರಾಜ ಮಾತ್ರ ರೇಗಿದ. "ಜನರಿಗೆ ಮನೆ ಕಟ್ಟು ಎಂದರೆ ಅವರನ್ನು ಹೆದರಿಸುವ ಕಂಬ ನಿಲ್ಲಿಸಿದ್ದೀಯೆ. ಹುಣ್ಣಿಮೆಯೊಳಗೆ ಜನ ಒಳಗೆ ಹೋಗದಿದ್ದರೆ ಹದಿನಾರನ್ನೂ ಕೆಡವಿಸಿ ಹಂಚಿನ ಚಾವಡಿ ಹಾಕಿಸುತ್ತೇನೆ!"

ಶಿಲ್ಪಿಗೆ ಜೀವ ಬಾಯಿಗೆ ಬಂತು. ಮೆಟ್ಟಿಲಿಳಿದು ಬಂದು, ಕೆಳಗೆ ಗಡಿಗೆ ಮಾರುತ್ತ ಕುಳಿತಿದ್ದ ಕುಂಬಾರರ ಹೆಂಗಸನ್ನು ಕೇಳಿದ: "ನೀನೇಕಮ್ಮ ಒಳಗೆ ಹೋಗಲಿಲ್ಲ?"

"ಆಸೆ ಏನೋ ಐತೆ ಸ್ವಾಮಿ. ಇಷ್ಟು ದೊಡ್ಡ ಮನೇಲಿ ಕಾಲಿಗೆ ನೀರು ಕೊಡೋರು ಒಬ್ರೂ ಇಲ್ವಲ್ಲ! ನೀರು ಕೊಡದ ಮನೆಯೊಳಕ್ಕೆ ಹೆಂಗೆ ಕಾಲಿಡೋದು?"

ಶಿಲ್ಪಿ ಕಕ್ಕಾಬಿಕ್ಕಿಯಾದ. ತನ್ನ ಮನೆಗೆ ಯಾರೇ ಬಂದರೂ ಮೊದಲು ಕಾಲಿಗೆ ನೀರು ಕೊಡುತ್ತಿದ್ದವನು ಅವನು. ಅಳತೆಯಲ್ಲಿ ಮುಳುಗಿ ಅದನ್ನೇ ಮರೆತಿದ್ದ. ಅವಳ ಬಳಿಯೇ ಒಂದು ಗಡಿಗೆ ತೆಗೆದುಕೊಂಡು ಕೆರೆಗೆ ಓಡಿದ. ತುಂಬಿ ತಂದು ಕಂಬಗಳ ನಡುವೆ ನಿಂತು, "ಬಾ ತಾಯಿ, ಕಾಲು ತೊಳೆದುಕೋ" ಎಂದು ಕರೆದ.

ಅವಳು ಕಾಲು ತೊಳೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗುಮ್ಮಟವೇ ಕೂಗಿದಂತಾಯಿತು: "ಅಯ್ಯಯ್ಯೋ, ನಮ್ಮ ಗಡಿಗೆ ಇಲ್ಲೈತೆ ಬರ್ರೋ!"

ಅದು ಸಾವಿರ ವರ್ಷದ ಹಿಂದಿನ ಗಡಿಗೆ. ಕುತ್ತಿಗೆಯ ಸುತ್ತ ಹೆಬ್ಬೆರಳ ಉಗುರಿನ ಗುರುತಿನ ಸಾಲು. ಅವಳ ಮನೆಯವರು ಇಂದಿಗೂ ಹಾಗೆಯೇ ಒತ್ತುತ್ತಾರೆ. ಅವಳು ಕೈತಟ್ಟಿ ನಗುತ್ತಿದ್ದಳು. ಆ ನಗು ಕೇಳಿ ಕೆಳಗಿದ್ದವರೆಲ್ಲ ಮೆಟ್ಟಿಲು ಹತ್ತಿದರು. ಒಬ್ಬೊಬ್ಬರಿಗೂ ಒಳಗೆ ತಮ್ಮದೊಂದು ಸಿಕ್ಕಿತು: ಒಬ್ಬನಿಗೆ ಮಗ್ಗ, ಒಬ್ಬಳಿಗೆ ಬೀಸುವ ಕಲ್ಲು. ನೀರು ಹೊತ್ತು ಹೊತ್ತು ಶಿಲ್ಪಿಯ ಹೆಗಲು ಬಿದ್ದುಹೋಯಿತು. ಅಂಥ ಸುಖವನ್ನು ಅವನು ಎಂದೂ ಕಂಡಿರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ರಾಜ ಹಾರೆಯವರನ್ನು ಕರೆದುಕೊಂಡು ಬಂದ. ಮೆಟ್ಟಿಲಿನ ಮೇಲೆ ಕಾಲಿಡಲು ಜಾಗವಿಲ್ಲ. ಹೇಗೋ ನುಗ್ಗಿ ಮೇಲೆ ಬಂದರೆ, ಕಂಬಗಳ ನಡುವೆ ಆ ಕುಂಬಾರರ ಹೆಂಗಸು ಗಡಿಗೆ ಹಿಡಿದು ನಿಂತಿದ್ದಾಳೆ.

"ಬನ್ನಿ ಬುದ್ಧಿ, ನಮ್ಮನೆಗೆ ಬಂದ್ರಲ್ಲ! ಕಾಲು ತೊಳ್ಕಳಿ" ಎಂದಳು.

ರಾಜ ಅವಳ ಮುಖ ನೋಡಿದ, ಕಂಬಗಳನ್ನು ನೋಡಿದ, ಗಟ್ಟಿಯಾಗಿ ನಕ್ಕುಬಿಟ್ಟ. ಪಾದರಕ್ಷೆ ಬಿಟ್ಟು ಕಾಲು ಮುಂದೆ ಚಾಚಿದ. ಹಾರೆಯವರು ಹಾರೆ ಕೆಳಗಿಟ್ಟು ಸಾಲಿನಲ್ಲಿ ನಿಂತರು.

ಶಿಷ್ಯನ ಮುಖ ಅರಳಿತು. "ಹಾಗಾದರೆ ನಾನು ಏನನ್ನೂ ತಗ್ಗಿಸಬೇಕಾಗಿಲ್ಲ!" ಎಂದ.

ಗುರುಗಳು ಕೇಳಿದರು: "ನಿನ್ನ ಪ್ರವಚನಕ್ಕೆ ವರ್ಷದಿಂದ ತಪ್ಪದೆ ಬರುತ್ತಿರುವವರಲ್ಲಿ ಒಬ್ಬರ ಹೆಸರು ಹೇಳು, ನೋಡೋಣ."