ಮಟಮಟ ಮಧ್ಯಾಹ್ನದ ತೀರ್ಪು

ಮೈನಾಹಕ್ಕಿಯ ಮರಿ ತಿಂದಿತೆಂಬ ಆರೋಪಕ್ಕೆ ಗೂಬೆಯನ್ನು ಬೋಳುಬಂಡೆಗೆ ಗಡೀಪಾರು ಮಾಡಿದ್ದು ಆನೆ. ಒಂದು ಸಂಜೆ ಗೂಬೆ ಅದೇ ಆನೆಯ ಮುಂದೆ ಬಂದು ಕೂತಿತು.

"ಒಡೆಯಾ, ಆ ತೀರ್ಪು ನಿಲ್ಲುವುದಿಲ್ಲ. ಸಾಕ್ಷಿ ಹೇಳುವವರ ಮುಖವನ್ನು ಆರೋಪಿ ಕಣ್ಣಾರೆ ಕಾಣಬೇಕು ಅಂತ ಎಲ್ಲ ಕಾಡುಗಳೂ ಕೂಡಿ ಮಾಡಿಕೊಂಡ ಮೂಲ ಕಟ್ಟಳೆಯಲ್ಲೇ ಇದೆ. ನೀವು ನನ್ನನ್ನು ವಿಚಾರಿಸಿದ್ದು ಮಟಮಟ ಮಧ್ಯಾಹ್ನ."

ಆನೆಗೆ ರೇಗಿತು. "ಪಂಚಾಯ್ತಿ ಯಾವತ್ತೂ ಕೂರುವುದು ಮಧ್ಯಾಹ್ನವೇ. ಕಣ್ಣು ಕಾಣದಿದ್ದರೆ ಆವತ್ತೇ ಬಾಯಿಬಿಡಬೇಕಿತ್ತು. ಎಲ್ಲ ಮುಗಿದ ಮೇಲೆ ಬಂದು ರಾಗ ಎಳೆದರೆ?"

"ಬಾಯಿಬಿಟ್ಟಿದ್ದೆ, ಒಡೆಯಾ. ಮಾತಾಡುತ್ತಿರುವವರು ಯಾರು ಅಂತ ಕೇಳಿದೆ. 'ನಿನ್ನ ಮಾವ ಕಣೋ' ಅಂದಿತು ಕೋತಿ. ಎಲ್ಲರೂ ನಕ್ಕರು. ನೀವೂ ನಕ್ಕಿರಿ."

ಬೀಸುತ್ತಿದ್ದ ಆನೆಯ ಕಿವಿ ನಿಂತಿತು. ಹೊಟ್ಟೆ ಕುಲುಕುವಂತೆ ನಕ್ಕದ್ದು ಅದಕ್ಕೆ ನೆನಪಿತ್ತು. ಅಂದು ಸಾಕ್ಷಿ ಹೇಳಿದ್ದು ಕೇರೆಹಾವು. ಅದರ ಉಬ್ಬಿದ ಹೊಟ್ಟೆ ಗೂಬೆಗೆ ಕಂಡಿದ್ದರೆ ಏನು ನುಂಗಿದೆ ಅಂತ ಕೇಳದೆ ಬಿಡುತ್ತಿರಲಿಲ್ಲ. ಕಂಡವರು ನಗುವುದರಲ್ಲಿದ್ದರು.

"ತೀರ್ಪು ರದ್ದು" ಎಂದಿತು ಆನೆ, ತಗ್ಗಿದ ದನಿಯಲ್ಲಿ. "ನಿನ್ನ ಪೊಟರೆಗೆ ಹೋಗಪ್ಪ."

"ಯಾವ ಪೊಟರೆ, ಒಡೆಯಾ? ಪಾಪಿ ಇದ್ದ ಮರ ಅಂತ ಆವತ್ತೇ ಉರುಳಿಸಿದಿರಲ್ಲ."

ಆನೆ ಎದ್ದು ಹೋಯಿತು. ಒಣಗಿ ಬಿದ್ದಿದ್ದ ಆ ಅತ್ತಿಮರಕ್ಕೆ ದಂತ ಕೊಟ್ಟು, ಸೊಂಡಿಲು ಸುತ್ತಿ, ಏದುಸಿರು ಬಿಡುತ್ತಾ ಎತ್ತಿ ನಿಲ್ಲಿಸಿತು. "ನೋಡು, ಮೊದಲಿನಂತೆಯೇ ಆಯಿತು" ಎಂದು ಸೊಂಡಿಲು ಸಡಿಲಿಸಿತು. ಮರ ಮತ್ತೆ ಮಲಗಿತು. ಆನೆ ಮತ್ತೆ ಎತ್ತಿತು. ಈ ಸಲ ಬಿಡಲು ಧೈರ್ಯ ಬರದೆ, ಹಿಡಿದುಕೊಂಡೇ ನಿಂತಿತು.