ಸೀತನಿಗೆ ಕರೆದವಳು

"ಗುರುಗಳೇ, ಮಕ್ಕಳಿಗೆ ಒಳ್ಳೆಯ ಗುಣವನ್ನು ಕಲಿಸಲು ಸಾಧ್ಯವೆ?" ಎಂದು ಶಿಷ್ಯ ಕೇಳಿದ. ಊರ ಮಕ್ಕಳಿಗೆ ನೀತಿಪಾಠ ಹೇಳುವ ಕೆಲಸವನ್ನು ಅವನು ಒಂದು ವರ್ಷದಿಂದ ಮಾಡುತ್ತಿದ್ದ. "ಹೇಳಿದ್ದೆಲ್ಲ ಅವರಿಗೆ ಬಾಯಿಗೆ ಬರುತ್ತದೆ, ನಡತೆಗೆ ಮಾತ್ರ ಬರುವುದಿಲ್ಲ. ಈ ಕೆಲಸವನ್ನೇ ಬಿಟ್ಟುಬಿಡೋಣವೆಂದಿದ್ದೇನೆ."

ಗುರುಗಳು ನಕ್ಕರು. "ಒಂದು ವರ್ಷಕ್ಕೇ ಸಾಕಾಯಿತೆ? ಬಿಡುವುದಾದರೆ ಬಿಡು. ಅದಕ್ಕೆ ಮೊದಲು ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಜೋಳದ ಹೊಲ ದಾರಿಯ ಪಕ್ಕದಲ್ಲೇ ಇತ್ತು. ಆಗೆಲ್ಲ ಚಳಿಗಾಲದಲ್ಲಿ ಎಳೆಯ ಜೋಳದ ತೆನೆಗಳನ್ನು ಸಗಣಿಯ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಉಜ್ಜಿ ಕಾಳು ಬಿಡಿಸಿ, ಬೆಲ್ಲದ ಜೊತೆ ತಿನ್ನುತ್ತಿದ್ದರು. ಅದೇ ಸೀತನಿ. ಸುಟ್ಟವನು ತಾನೊಬ್ಬನೇ ತಿನ್ನುವಂತಿರಲಿಲ್ಲ. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು, ಕಂಬಳಿ ಹಾಸಿ ಕೂರಿಸಿ, ಅವರು ಸಾಕೆನ್ನುವವರೆಗೆ ಕೊಡಬೇಕು. ಯಾವ ಊರು, ಯಾರ ಮನೆಯವನು ಎಂದು ಕೇಳುವುದೆಲ್ಲ ಆಮೇಲೆ. ಈಗ ಹಾಗೆ ಕರೆಯುವವರೂ ಕಡಿಮೆ, ನಿಲ್ಲುವವರೂ ಕಡಿಮೆ.

ರೈತನಿಗೆ ಎಂಟು ವರ್ಷದ ಮಗಳಿದ್ದಳು. ತಂದೆ ತೆನೆ ಸುಡುತ್ತ ದಾರಿಹೋಕರನ್ನು ಕರೆಯುತ್ತಿದ್ದ, ಅವಳು ಕಾಳು ಉಜ್ಜುತ್ತಿದ್ದಳು. "ಹೋಗೋರು ಯಾರೇ ಇರ್ಲಿ, ಕರೀಬೇಕವ್ವಾ" ಎಂದು ಅವನು ದಿನವೂ ಅವಳಿಗೆ ಹೇಳಿಕೊಡುತ್ತಿದ್ದ.

ಆದರೆ ನೆರೆಹೊಲದವನಿಗೂ ಅವನಿಗೂ ಮಾತಿರಲಿಲ್ಲ. ಉಳುವಾಗ ನೆರೆಯವನು ಬದು ಒತ್ತಿದನೆಂದು ಜಗಳವಾಗಿ ಮೂರು ವರ್ಷ ಕಳೆದಿತ್ತು. ಆ ಮನುಷ್ಯ ಹೋಗಿ ಬರುವುದೂ ಅದೇ ದಾರಿಯಲ್ಲಿ. ಅವನು ಹತ್ತಿರ ಬಂದನೆಂದರೆ ಸಾಕು, ರೈತ ಬಗ್ಗಿ ಬೆಂಕಿ ಊದತೊಡಗುತ್ತಿದ್ದ. ಅವನು ದಾಟಿಹೋದ ಮೇಲೆಯೇ ತಲೆ ಎತ್ತುತ್ತಿದ್ದ.

ಒಂದು ದಿನ ರೈತ ಎತ್ತುಗಳಿಗೆ ನೀರು ಕುಡಿಸಲು ಹಳ್ಳಕ್ಕೆ ಹೋಗಿದ್ದ. ಮರಳಿ ಬಂದು ನೋಡುತ್ತಾನೆ, ಕಂಬಳಿಯ ಮೇಲೆ ನೆರೆಹೊಲದವನು ಕುಳಿತಿದ್ದಾನೆ! ಕೈಯಲ್ಲಿ ಒಂದು ಹಿಡಿ ಸೀತನಿ ಇದೆ, ಇನ್ನೂ ಬಾಯಿಗೆ ಹಾಕಿಕೊಂಡಿಲ್ಲ. ರೈತನ ಮೈ ಉರಿದುಹೋಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಮಗಳು ಓಡಿ ಬಂದಳು.

"ಅಪ್ಪಾ, ಈ ಕಾಕಾ ಬರೋ ಹೊತ್ತಿಗೇ ನೀ ದಿನಾ ಬೆಂಕಿ ಊದಕೋತ ಕೂತಿರ್ತಿ. ಹೊಗ್ಯಾಗ ನಿನಗ ಕಾಣಸೂದೇ ಇಲ್ಲ. ಅದಕ್ಕ ಇವತ್ತ ನಾನ ಕರದೆ."

ರೈತ ನಿಂತಲ್ಲೇ ನಿಂತ. ಎದ್ದು ಹೋಗೆಂದರೆ, ಅಪ್ಪನಿಗೆ ದಿನವೂ ಕಾಣಿಸುತ್ತಿತ್ತು ಎಂಬುದು ಮಗಳಿಗೆ ತಿಳಿದುಹೋಗುತ್ತದೆ. ಅವಳು ಕಲಿತದ್ದೂ ಅಲ್ಲಿಗೇ ಮುಗಿಯುತ್ತದೆ. ಕೂತಿರು ಎನ್ನಲು ನಾಲಿಗೆ ಏಳಲಿಲ್ಲ. ನೆರೆಹೊಲದವನಿಗೆ ಎಲ್ಲವೂ ಗೊತ್ತಿತ್ತು. ಅವನು ಒಂದೇ ಒಂದು ಮಾತು ಆಡಿದ್ದರೂ ಮಗಳೆದುರು ರೈತನ ಮಾನ ಹೋಗುತ್ತಿತ್ತು. ಅವನು ರೈತನನ್ನು ಒಮ್ಮೆ ನೋಡಿ, ಮಗುವಿನ ಕಡೆ ತಿರುಗಿದ.

"ಹೌದವ್ವಾ, ಹೊಗಿ ಭಾಳ ಇರ್ತಿತ್ತು" ಎಂದ.

ರೈತ ಬಂದು ಅವನ ಪಕ್ಕದಲ್ಲಿ ಕುಳಿತ. ಬೆಲ್ಲ ಒಡೆದು, ದೊಡ್ಡ ಚೂರನ್ನು ಅವನ ಕೈಗೆ ಕೊಟ್ಟ. ಅಂದಿನಂಥ ಸೀತನಿಯನ್ನು ಆ ಹೊಲದಲ್ಲಿ ಮತ್ತೆ ಯಾರೂ ತಿನ್ನಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಶಿಷ್ಯನ ಮುಖ ಅರಳಿತು. "ಹಾಗಾದರೆ ಕಲಿಸಲು ಬರುತ್ತದೆ ಎಂದಾಯಿತು. ರೈತ ಹೇಳಿಕೊಟ್ಟ, ಮಗಳು ಕಲಿತಳು" ಎಂದ. ಆಮೇಲೆ ತುಸು ಯೋಚಿಸಿ, "ಮುಂದೆ ಎಂದಾದರೂ ರೈತ ಅವಳಿಗೆ ನಿಜ ಹೇಳಿದನೆ?" ಎಂದು ಕೇಳಿದ.

ಗುರುಗಳೆಂದರು: "ಅವಳಿಗೇ ಈಗ ಮಕ್ಕಳಾಗಿದ್ದಾರೆ; ನಾನು ಹೇಳಿಕೊಟ್ಟದ್ದನ್ನು ನಾನೇ ಕಲಿತಿರಲಿಲ್ಲವೆಂದು ಅವಳಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ."