ಬೊಮ್ಮಣ್ಣನ ಕಬ್ಬಿನ ಕಾರು

ಹೊಳೆಯಂಚಿಗೆಲ್ಲ ಕಬ್ಬು ಬೆಳೆಯುತ್ತಿದ್ದ ಒಂದು ಕಾಡಿನಲ್ಲಿ ಬೊಮ್ಮಣ್ಣ ಎಂಬ ಕರಡಿ ಇದ್ದ. ಅವನ ಹತ್ತಿರ ಒಂದು ಹಳೇ ಕಾರಿತ್ತು. ಯಾರಿಗೆ ಕಾಯಿಲೆಯಾದರೂ ಗುಡ್ಡದಾಚೆಯ ಕೊಕ್ಕರೆ ಡಾಕ್ಟರಮ್ಮನ ಬಳಿಗೆ ಕರೆದೊಯ್ಯಲು ಅದೊಂದೇ ಗತಿ. ಪೆಟ್ರೋಲು ಕಾಡಿನಲ್ಲೆಲ್ಲಿ ಸಿಗಬೇಕು? ಬೊಮ್ಮಣ್ಣ ಕಬ್ಬು ಹಿಂಡಿ, ರಸ ಹುಳಿ ಬರಿಸಿ, ಬಟ್ಟಿ ಇಳಿಸಿ ಎಥೆನಾಲ್ ತೆಗೆದ. ಅದಕ್ಕೆ ಹೊಂದುವ ಹಾಗೆ ಇಂಜಿನ್ನನ್ನೂ ರಿಪೇರಿ ಮಾಡಿದ. ಕಾರು ಖುಷಿಯಾಗಿ ಓಡಿತು.

"ಇದು ಕಾರಿನ ಊಟ ಕಣ್ರಪ್ಪಾ, ಯಾರೂ ನಾಲಿಗೆಗೆ ತಾಗಿಸಬೇಡಿ!" ಎಂದು ಎಲ್ಲರಿಗೂ ಹೇಳಿದ. ಎಥೆನಾಲ್ ತುಂಬಿಟ್ಟ ಡಬ್ಬ ಕಾಯುವ ಕೆಲಸ ಮಾತ್ರ ನರಿ ಕೆಂಚಪ್ಪನಿಗೆ ಕೊಟ್ಟ. ಎಂಥಾ ಕೆಲಸ ಮಾಡಿದ ನೋಡಿ, ಪುಣ್ಯಾತ್ಮ!

ಕೆಂಚಪ್ಪ ದಿನಾ ಕದ್ದು ಗುಟುಕರಿಸಿದ. ಕುಡಿದಷ್ಟೂ ನೀರನ್ನು ಡಬ್ಬಕ್ಕೆ ಸುರಿದ. ಪೆಟ್ರೋಲಾಗಿದ್ದರೆ ನೀರು ಬೇರೆಯಾಗಿ ನಿಂತು ಕಳ್ಳತನ ಬಯಲಾಗುತ್ತಿತ್ತು. ಎಥೆನಾಲ್ ನೀರಿನಲ್ಲಿ ಬೆರೆತೇ ಹೋಯಿತು.

ಕಾರು ಕೆಮ್ಮತೊಡಗಿತು. ಒಂದು ದಿನ ಏರಿನಲ್ಲಿ ನಿಂತೇಬಿಟ್ಟಿತು. "ಕಬ್ಬಿನ ರಸದಲ್ಲಿ ಕಾರು ಓಡಿಸ್ತಾನಂತೆ! ನಾನು ಮೊದಲೇ ಹೇಳಿರಲಿಲ್ವಾ?" ಎಂದು ಎಲ್ಲರೆದುರು ನಕ್ಕವನು ಕೆಂಚಪ್ಪನೇ. ಪಾಪ, ಬೊಮ್ಮಣ್ಣನಿಗೆ ಅಳುವೇ ಬಂತು. ತನ್ನ ಕೈಗುಣವೇ ಸರಿಯಿಲ್ಲ ಎಂದುಕೊಂಡು ಊಟ ಬಿಟ್ಟು ಕೂತ.

ಮರುದಿನ ಕೆಂಚಪ್ಪ ಎದ್ದೂ ಬಿದ್ದೂ ಓಡಿಬಂದ.

"ಅಣ್ಣಾ, ನನ್ನ ಹೆಂಡತಿಗೆ ಹೆರಿಗೆ ನೋವು! ಮರಿ ಅಡ್ಡ ಸಿಕ್ಕಿಕೊಂಡಿದೆ. ಬೇಗ ಕಾರು ತೆಗಿ!"

"ತೆಗೀತೀನಿ ಕಣೋ. ಆದರೆ ಅದು ಗುಡ್ಡ ಹತ್ತಬೇಕಲ್ಲ? ನಾನು ಮಾಡಿದ ಎಥೆನಾಲೇ ಸರಿಯಿಲ್ಲ."

ಕೆಂಚಪ್ಪ ಬೊಮ್ಮಣ್ಣನ ಕಾಲು ಹಿಡಿದ. "ನೀನು ಮಾಡಿದ್ದು ಸರಿಯಾಗೇ ಇತ್ತಣ್ಣ. ಕುಡಿದು, ನೀರು ಬೆರೆಸಿದ ಪಾಪಿ ನಾನು."

ಬೊಮ್ಮಣ್ಣ ಹೊಡೆಯಲು ಕೈಯೆತ್ತಿದ. ಅಷ್ಟರಲ್ಲಿ ಪೊದೆಯೊಳಗಿಂದ ನರಿಯಮ್ಮ ನರಳಿದ್ದು ಕೇಳಿಸಿತು. ಕೈ ತಾನಾಗಿ ಇಳಿಯಿತು.

"ನಿನ್ನನ್ನ ಆಮೇಲೆ ನೋಡ್ಕೋತೀನಿ. ಅವಳನ್ನ ಕೂರಿಸು. ಹಿಂದೆ ನಿಂತು ತಳ್ಳು!"

ಕಡವೆ, ಹಂದಿ, ಮುಳ್ಳುಹಂದಿ ಎಲ್ಲರೂ ಬಂದು ಕೈ ಹಾಕಿದರು. ಮುಳ್ಳುಹಂದಿ ಬೇಕೆಂದೇ ಕೆಂಚಪ್ಪನ ಹಿಂದೆ ನಿಂತಿತು. ಅವನು ಒಂದಿಷ್ಟು ನಿಧಾನ ಮಾಡಿದರೂ ಕುಂಡೆಗೆ ಮುಳ್ಳು ಚುಚ್ಚುತ್ತಿತ್ತು. ಕುಡಿದದ್ದೆಲ್ಲ ಬೆವರಾಗಿ ಇಳಿಯಿತು. ಅಂತೂ ಇಂತೂ ಗುಡ್ಡ ಹತ್ತಿ, ಆಚೆ ಇಳಿಜಾರಿನಲ್ಲಿ ಕಾರು ತಾನೇ ಉರುಳಿ ಡಾಕ್ಟರಮ್ಮನ ಬಾಗಿಲಿಗೆ ಬಂತು.

ಕೊಕ್ಕರೆ ಡಾಕ್ಟರಮ್ಮ ತಾಯಿಯನ್ನೂ ಮೂರು ಮರಿಗಳನ್ನೂ ಉಳಿಸಿದಳು. ಹೊರಗೆ ಬಂದು, "ಇಷ್ಟು ತಡವೇಕೆ? ಕಾರಿಗೇನಾಗಿತ್ತು?" ಎಂದು ಗದರಿದಳು.

ಕೆಂಚಪ್ಪನೇ ಮುಂದೆ ಬಂದು, ಬಾಲ ಮುದುರಿಕೊಂಡು ಹೇಳಿದ: "ಕಾರು ಉಪವಾಸ ಇತ್ತು ಡಾಕ್ಟರಮ್ಮ. ಅದರ ಊಟ ನಾನೇ ಕದ್ದಿದ್ದೆ."

ನೀತಿ: ಎಲ್ಲರ ಕಷ್ಟಕ್ಕೆಂದು ಇಟ್ಟದ್ದನ್ನು ಕದ್ದವನಿಗೆ, ತನ್ನ ಕಷ್ಟದ ದಿನ ಅದು ಇರುವುದಿಲ್ಲ.